ರೋಲ್‌ನಿಂದ ರೋಲ್‌ಗೆ ಮುದ್ರಣ: ಪದರದ ಮೇಲೆ ಪದರ ಸರಿಯಾಗಿ ಕೂರಿಸುವುದು ಹೇಗೆ?

ಬೆಳಗ್ಗೆ ಪೇಪರ್ ಬಿಡಿಸಿದಾಗ ಸಿನಿಮಾ ನಟಿಯ ತುಟಿಯ ಕೆಂಪು ಕೆನ್ನೆಗೆ ಜಾರಿರುವುದನ್ನು ನೀವು ನೋಡಿಯೇ ಇರುತ್ತೀರಿ. ಚಿಪ್ಸ್ ಪ್ಯಾಕೆಟ್ ಮೇಲಿನ ಅಕ್ಷರದ ಪಕ್ಕ ಬಿಳಿ ಅಂಚು ಇಣುಕುವುದೂ ಇದೇ ಕಾಯಿಲೆ. ಪ್ರೆಸ್ಸಿನವರು ಇದನ್ನು ‘ರಿಜಿಸ್ಟರ್ ಔಟ್’ ಅನ್ನುತ್ತಾರೆ. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಕೂರಬೇಕಾದ ಜಾಗದಲ್ಲಿ ಕೂತಿಲ್ಲ ಅಂತ ಅರ್ಥ.

ಪ್ಯಾಕೇಜಿಂಗ್‌ನಲ್ಲಿ 0.1 ಮಿ.ಮೀ. ಆಚೀಚೆ ಆದರೆ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಅದೇ ಬಗೆಯ ಯಂತ್ರದಲ್ಲಿ ಫಿಲ್ಮ್ ಮೇಲೆ ಬೆಳ್ಳಿಯ ಇಂಕ್‌ನಲ್ಲಿ ಸರ್ಕಿಟ್ ಮುದ್ರಿಸಲು ಹೊರಟರೆ ಕೆಲವು ಹತ್ತು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ತಪ್ಪಿದರೂ ಕೆಲಸ ಕೆಟ್ಟಿತು. ಕೆಳಗಿನ ವಿದ್ಯುತ್ ಗೆರೆ ಮೇಲಿನ ಗೆರೆಗೆ ಸೇರುವುದೇ ಇಲ್ಲ, ಇಲ್ಲವೇ ಸೇರಬಾರದ ಕಡೆ ಸೇರಿ ಶಾರ್ಟ್ ಆಗುತ್ತದೆ. ಇಂಥ ಯಂತ್ರದಲ್ಲಿ ಒಂದು ರೋಲ್‌ನಿಂದ ಬಿಚ್ಚಿದ ಫಿಲ್ಮ್, ಬಣ್ಣಕ್ಕೊಂದರಂತೆ ಇರುವ ಮುದ್ರಣ ಯೂನಿಟ್‌ಗಳನ್ನು ದಾಟಿ ಇನ್ನೊಂದು ರೋಲ್‌ಗೆ ಸುತ್ತಿಕೊಳ್ಳುತ್ತದೆ. ಇಲ್ಲಿ ನಾನು ಗ್ರೇವ್ಯೂರ್ ಯಂತ್ರವನ್ನೇ (ಕೆತ್ತಿದ ಸಿಲಿಂಡರ್‌ನಿಂದ ಮುದ್ರಿಸುವಂಥದ್ದು) ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಫ್ಲೆಕ್ಸೋದಲ್ಲಿ (ಮೆತ್ತನೆಯ ಉಬ್ಬಚ್ಚಿನ ಮುದ್ರಣ) ಕೆಲಸ ಮಾಡುವವರಿಗೂ ಮುಕ್ಕಾಲು ಪಾಲು ಹಾಗೆಯೇ ಹೊಂದುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಿಜಿಸ್ಟರ್ ತಪ್ಪಿದಾಗ ಎಲ್ಲರ ಕೈ ಮೊದಲು ಹೋಗುವುದು ರಿಜಿಸ್ಟರ್ ಕಂಟ್ರೋಲರ್‌ನ (ಗುರುತು ನೋಡಿ ಬಣ್ಣಗಳನ್ನು ಹೊಂದಿಸುವ ಸಾಧನ) ಪರದೆಗೆ. ಅದು ಕೊನೆಗೆ ಮುಟ್ಟಬೇಕಾದ ವಸ್ತು. ತಪ್ಪು ಹುಟ್ಟುವುದು ಫಿಲ್ಮ್‌ನಲ್ಲಿ, ರೋಲರ್‌ನಲ್ಲಿ, ಡ್ರೈಯರ್‌ನಲ್ಲಿ. ಕಂಟ್ರೋಲರ್ ಅದನ್ನು ವರದಿ ಮಾಡುತ್ತದೆ, ಅಷ್ಟೆ.

ಫಿಲ್ಮ್ ಎಷ್ಟು ಹಿಗ್ಗುತ್ತದೆ? ಒಂದು ಲೆಕ್ಕ ಹಾಕಿ

ಫಿಲ್ಮ್ ಅಂದರೆ ಕಾಗದದ ಹಾಳೆಯಂತೆ ಸುಮ್ನೆ ಬಿದ್ದಿರುವ ವಸ್ತು ಅಂದುಕೊಳ್ಳಬೇಡಿ. ಅದು ರಬ್ಬರ್ ಬ್ಯಾಂಡ್‌ನ ದೂರದ ನೆಂಟ. 12 ಮೈಕ್ರಾನ್ ದಪ್ಪ, 1 ಮೀಟರ್ ಅಗಲದ ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಫಿಲ್ಮ್ ತೆಗೆದುಕೊಳ್ಳಿ. ಅದರ ಅಡ್ಡ ಸೀಳಿನ ವಿಸ್ತೀರ್ಣ 12 ಚದರ ಮಿ.ಮೀ. ಅದನ್ನು 96 ನ್ಯೂಟನ್ ಬಲದಲ್ಲಿ ಎಳೆದರೆ ಚದರ ಮಿ.ಮೀ.ಗೆ 8 ನ್ಯೂಟನ್ ಬಿತ್ತು. ಪಿಇಟಿಯ ಗಡಸುತನ (ಎಳೆದಾಗ ಹಿಗ್ಗದೆ ನಿಲ್ಲುವ ಗುಣ) ಸುಮಾರು 4 ಗಿಗಾಪಾಸ್ಕಲ್, ಅಂದರೆ ಚದರ ಮಿ.ಮೀ.ಗೆ 4,000 ನ್ಯೂಟನ್. ಭಾಗಿಸಿದರೆ ಫಿಲ್ಮ್ ಶೇ. 0.2ರಷ್ಟು ಹಿಗ್ಗುತ್ತದೆ. ಅಂದರೆ ಮೀಟರಿಗೆ 2 ಮಿ.ಮೀ.!

ನಾವು ಹುಡುಕುತ್ತಿರುವುದು 0.1 ಮಿ.ಮೀ. ತಪ್ಪು. ಫಿಲ್ಮ್ ಆಗಲೇ ಮೀಟರಿಗೆ 2 ಮಿ.ಮೀ. ಹಿಗ್ಗಿ ಓಡುತ್ತಿದೆ. ಬಿಒಪಿಪಿ (ಎರಡೂ ದಿಕ್ಕಿಗೆ ಎಳೆದು ಮಾಡಿದ ಪಾಲಿಪ್ರೊಪಿಲೀನ್ ಫಿಲ್ಮ್) ಇದರ ಅರ್ಧದಷ್ಟೇ ಗಡಸು. ಹಾಲಿನ ಪ್ಯಾಕೆಟ್‌ನ ಪಾಲಿಥೀನ್ ಅಂತೂ ಇನ್ನೂ ಹತ್ತು ಪಟ್ಟು ಮೆತ್ತಗೆ. ನಿಮ್ಮ ಫಿಲ್ಮ್‌ಗೆ ಈ ಲೆಕ್ಕ ಹಾಕಿ, ಉತ್ತರವನ್ನು ಯಂತ್ರದ ಪಕ್ಕ ಅಂಟಿಸಿ. ಮುಂದಿನ ಎಲ್ಲ ಹಂತಕ್ಕೂ ಅದು ಬೇಕಾಗುತ್ತದೆ.

ಹಂತ 1: ಮೊದಲು ಅಳೆಯಿರಿ, ಆಮೇಲೆ ಕೈ ಹಾಕಿ

‘ಸ್ವಲ್ಪ ಔಟ್ ಇದೆ’ ಅನ್ನುವುದು ಅಳತೆ ಅಲ್ಲ. ವರ್ನಿಯರ್ ಗುರುತು ಹಾಕಿಸಿ. ಮೊದಲ ಪದರದಲ್ಲಿ 1.00 ಮಿ.ಮೀ. ಅಂತರದ ಗೆರೆಗಳ ಸಾಲು, ಅದರ ಎದುರಿಗೆ ಎರಡನೇ ಪದರದಲ್ಲಿ 0.98 ಮಿ.ಮೀ. ಅಂತರದ ಸಾಲು. ನಡುವಿನ ಗೆರೆಯಿಂದ ಎಣಿಸಿ, ಎಷ್ಟನೇ ಗೆರೆ ಎದುರು ಬದುರು ಕೂತಿದೆ ನೋಡಿ. ಮೂರನೆಯದು ಕೂತಿದ್ದರೆ ತಪ್ಪು 60 ಮೈಕ್ರಾನ್. ಒಂದು ಭೂತಗನ್ನಡಿ ಇದ್ದರೆ ಸಾಕು, ದುಬಾರಿ ಕ್ಯಾಮೆರಾ ಬೇಡ. ಉದ್ದಕ್ಕೊಂದು, ಅಡ್ಡಕ್ಕೊಂದು ಗುರುತು ಇರಲಿ. ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ ಇರಲಿ.

ಒಂದು ಮುಖ್ಯ ವಿಷಯ: ಒಂದೇ ಸಿಲಿಂಡರ್ ಸುತ್ತಿನಲ್ಲಿ ಮೂರು ನಾಲ್ಕು ಕಡೆ ಗುರುತು ಹಾಕಿಸಿ. ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

ಯಂತ್ರವನ್ನು ಒಂದೇ ವೇಗದಲ್ಲಿ ಓಡಿಸಿ, ಆಟೊ ಕರೆಕ್ಷನ್ ಬಂದ್ ಮಾಡಿ, ಸಾಲಾಗಿ 50 ಮುದ್ರಣ ಕತ್ತರಿಸಿಕೊಳ್ಳಿ. ಪ್ರತಿಯೊಂದರ ತಪ್ಪನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಒಂದು ಗಂಟೆಯ ಬೇಸರದ ಕೆಲಸ, ನಿಜ. ಆದರೆ ಮುಂದಿನ ಮೂರು ದಿನ ಉಳಿಯುತ್ತದೆ.

ಹಂತ 2: ಗ್ರಾಫ್ ಓದುವುದು

ತಪ್ಪು ಎಲ್ಲ ಮುದ್ರಣದಲ್ಲೂ ಒಂದೇ ಆಗಿದ್ದರೆ ಅದು ಸುಲಭ. ಸಿಲಿಂಡರ್ ಕೂರಿಸುವಾಗಲೇ ಆದ ತಪ್ಪು, ಒಂದು ಸಲ ಸರಿ ಮಾಡಿದರೆ ಮುಗಿಯಿತು. ಮೆಲ್ಲಗೆ ಒಂದೇ ಕಡೆ ಜಾರುತ್ತಾ ಹೋದರೆ ಬಿಸಿ, ತೇವ ಅಥವಾ ಬಿಚ್ಚುವ ರೋಲ್ ಸಣ್ಣದಾಗುತ್ತಾ ಬಂದಂತೆ ಬದಲಾಗುವ ಎಳೆತದ ಮೇಲೆ ಅನುಮಾನ ಪಡಿ. ಇದ್ದಕ್ಕಿದ್ದಂತೆ ಎಗರಿ ಮತ್ತೆ ತಾನೇ ಸರಿಹೋದರೆ ಎರಡು ರೋಲ್ ಅಂಟಿಸಿದ ಜಾಯಿಂಟ್ ದಾಟಿ ಹೋಗಿರಬೇಕು, ಇಲ್ಲವೇ ವೇಗ ಬದಲಾಗಿರಬೇಕು.

ಅಲೆಯಂತೆ ಏರಿ ಇಳಿದರೆ ಯಾವುದೋ ಒಂದು ರೋಲರ್ ದುಂಡಗಿಲ್ಲ. ಯಾವುದು? ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಅಲೆ 6 ಮೀಟರಿಗೊಮ್ಮೆ ಬಂದರೆ 6 ಮೀಟರ್ ಸುತ್ತಳತೆಯ ರೋಲರ್ ಎಲ್ಲಿದೆ ಅಂತ ತಲೆ ಕೆರೆದುಕೊಳ್ಳುತ್ತಾರೆ. ನಾವು ಪ್ರತಿ ಮುದ್ರಣಕ್ಕೆ ಒಂದೇ ಸಲ ಅಳೆಯುತ್ತಿದ್ದೇವೆ, ಅಲ್ವಾ? ಮುದ್ರಣದ ಉದ್ದ 600 ಮಿ.ಮೀ., ಕೆಟ್ಟ ಐಡ್ಲರ್‌ನ (ಫಿಲ್ಮ್ ಓಡಿದಂತೆ ತಾನೇ ತಿರುಗುವ ರೋಲರ್) ಸುತ್ತಳತೆ 316 ಮಿ.ಮೀ. ಅಂದುಕೊಳ್ಳಿ. ಒಂದು ಮುದ್ರಣ ಆಗುವಷ್ಟರಲ್ಲಿ ಐಡ್ಲರ್ 1.9 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಹತ್ತನೇ ಒಂದು ಭಾಗ ಕಮ್ಮಿ. ಹಾಗಾಗಿ ಹತ್ತು ಮುದ್ರಣಕ್ಕೊಮ್ಮೆ ಅದು ಮೊದಲಿನ ಜಾಗಕ್ಕೆ ಬರುತ್ತದೆ. ಗ್ರಾಫ್‌ನಲ್ಲಿ 6 ಮೀಟರಿನ ನಿಧಾನ ಅಲೆ ಕಾಣುತ್ತದೆ, ಕಳ್ಳ ಮಾತ್ರ 100 ಮಿ.ಮೀ. ವ್ಯಾಸದ ಪುಟ್ಟ ರೋಲರ್! ಆದ್ದರಿಂದ ಯಂತ್ರದ ಪ್ರತಿ ರೋಲರ್‌ನ ಸುತ್ತಳತೆ ಬರೆದಿಡಿ. ಮುದ್ರಣದ ಉದ್ದವನ್ನು ಅದರಿಂದ ಭಾಗಿಸಿ. ದಶಾಂಶದ ಭಾಗ ನಿಮ್ಮ ಅಲೆಗೆ ಹೊಂದುವ ರೋಲರ್ ಯಾವುದೋ ಅದನ್ನು ಹಿಡಿಯಿರಿ.

ಮುದ್ರಿಸುವ ಸಿಲಿಂಡರೇ ದುಂಡಗಿಲ್ಲದಿದ್ದರೆ? ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಒಂದೇ ಗುರುತು ಇದ್ದರೆ ಗ್ರಾಫ್ ನೇರ ಗೆರೆ, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಮುದ್ರಣದ ಆರಂಭದಲ್ಲಿ ಸರಿ, ನಡುವೆ ಔಟ್, ಕೊನೆಯಲ್ಲಿ ಮತ್ತೆ ಸರಿ. ಮೂರು ನಾಲ್ಕು ಕಡೆ ಗುರುತು ಹಾಕಿಸಿ ಅಂದದ್ದು ಇದಕ್ಕೇ.

ಹಂತ 3: ರೋಲರ್‌ಗಳ ತಪಾಸಣೆ

ಯಂತ್ರ ನಿಲ್ಲಿಸಿ ಡಯಲ್ ಗೇಜ್ (ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಸಾಧನ) ಹಿಡಿದು ಒಂದೊಂದೇ ರೋಲರ್ ತಿರುಗಿಸಿ. ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಮುದ್ರಣ ಸಿಲಿಂಡರ್‌ನಲ್ಲಿ ಮುಳ್ಳು 0.02 ಮಿ.ಮೀ. ದಾಟಬಾರದು, ಐಡ್ಲರ್‌ನಲ್ಲಿ 0.05 ದಾಟಬಾರದು. ಸರ್ಕಿಟ್ ಮುದ್ರಣಕ್ಕೆ ಇದು ಸಾಲದು, ಇನ್ನೂ ಬಿಗಿ ಬೇಕು.

ಆಮೇಲೆ ಪ್ರತಿ ಐಡ್ಲರ್ ಅನ್ನು ಕೈಯಿಂದ ಒಂದು ಸಲ ತಿರುವಿ ಬಿಡಿ. ಪಕ್ಕದವು ಅರ್ಧ ನಿಮಿಷ ತಿರುಗುವಾಗ ಒಂದು ಮಾತ್ರ ಎರಡು ಸುತ್ತಿಗೆ ನಿಂತರೆ ಅದರ ಬೇರಿಂಗ್ ಹೋಗಿದೆ. ಅದು ಫಿಲ್ಮ್ ಅನ್ನು ಹಿಡಿದು ಬಿಡುತ್ತಾ ಎಳೆತವನ್ನು ಕುಣಿಸುತ್ತಿರುತ್ತದೆ. ಹಿಂದೆ ನಾನಿದ್ದ ಒಂದು ಪ್ರೆಸ್ಸಿನಲ್ಲಿ ನಾವು ಎರಡು ದಿನ ಕಂಟ್ರೋಲರ್‌ನ ಸಂಖ್ಯೆಗಳನ್ನು ತಿರುಚುತ್ತಾ ಕೂತಿದ್ದೆವು. ಮೂರನೇ ದಿನ ಕ್ಲೀನಿಂಗ್ ಹುಡುಗ ‘ಸಾರ್, ಈ ರೋಲರ್ ಮೇಲೆ ಏನೋ ಉಂಗುರ ಇದೆ’ ಅಂದ. ಒಣಗಿದ ಇಂಕ್‌ನ ಪಟ್ಟಿ, ಉಗುರಿನಷ್ಟು ದಪ್ಪ. ಅದನ್ನು ಒರೆಸಿದ ಮೇಲೆ ಅಲೆ ಮಾಯ. ಆ ಹುಡುಗನಿಗೆ ಕಾಫಿ ಕೊಡಿಸಿದೆ, ನನಗೆ ನಾನೇ ಬೈದುಕೊಂಡೆ.

ರೋಲರ್‌ಗಳು ಒಂದಕ್ಕೊಂದು ಸಮಾನಾಂತರವಾಗಿ ಇವೆಯೇ ಎಂದೂ ನೋಡಿ. ಫಿಲ್ಮ್ ಯಾವಾಗಲೂ ಮುಂದಿನ ರೋಲರ್‌ಗೆ ನೇರ ಕೋನದಲ್ಲಿ ಹೋಗಲು ನೋಡುತ್ತದೆ. 1 ಮೀಟರ್ ಉದ್ದದ ರೋಲರ್ ಒಂದು ತುದಿಯಲ್ಲಿ 0.1 ಮಿ.ಮೀ. ಓರೆಯಾಗಿದ್ದರೆ, 1 ಮೀಟರ್ ದೂರ ಬರುವ ಫಿಲ್ಮ್ ಹತ್ತಿರ ಹತ್ತಿರ ಅಷ್ಟೇ ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆ ಲೇಸರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಡು ರೋಲರ್ ಸುತ್ತ ಹಿಗ್ಗದ ಉಕ್ಕಿನ ಟೇಪ್ ಸುತ್ತಿ ಎಡ ತುದಿ, ಬಲ ತುದಿಯ ಅಳತೆ ಹೋಲಿಸಿ.

ಗ್ರೇವ್ಯೂರ್‌ನವರಿಗೆ ಇನ್ನೊಂದು ಕಿವಿಮಾತು. ಸಿಲಿಂಡರ್ ಸೆಟ್ ಮಾಡಿಸುವಾಗ ಪ್ರತಿ ಮುಂದಿನ ಬಣ್ಣದ ಸಿಲಿಂಡರ್ ವ್ಯಾಸವನ್ನು ಸುಮಾರು 0.02 ಮಿ.ಮೀ. ಹೆಚ್ಚಿಸುವ ರೂಢಿ ಇದೆ. ಮುಂದಿನದು ತುಸು ವೇಗವಾಗಿ ಎಳೆಯುವುದರಿಂದ ಫಿಲ್ಮ್ ಸಡಿಲ ಬೀಳುವುದಿಲ್ಲ. ಹಳೇ ಸಿಲಿಂಡರ್ ಒಂದನ್ನು ಮತ್ತೆ ಕ್ರೋಮ್ ಮಾಡಿಸಿ ಸೆಟ್‌ಗೆ ತುರುಕಿದಾಗ ಈ ಏರಿಕೆ ತಪ್ಪುತ್ತದೆ. ನಾಲ್ಕನೇದು ಮೂರನೇದಕ್ಕಿಂತ ಸಣ್ಣದಾದರೆ ಆ ನಡುವೆ ರಿಜಿಸ್ಟರ್ ಯಾವತ್ತೂ ನಿಲ್ಲುವುದಿಲ್ಲ. ಸಿಲಿಂಡರ್ ಬಂದ ದಿನವೇ ವ್ಯಾಸ ಅಳೆದು ಅದರ ಮೇಲೆ ಬರೆಯಿರಿ.

ಹಂತ 4: ಟೆನ್ಷನ್ – ಅರ್ಧ ಕೆಲಸ ಇಲ್ಲೇ ಇದೆ

ಟೆನ್ಷನ್, ಅಂದರೆ ಫಿಲ್ಮ್‌ನ ಎಳೆತ, ಜಾಸ್ತಿ ಬೇಕೋ ಕಮ್ಮಿ ಬೇಕೋ ಅಂತ ಜನ ಜಗಳ ಆಡುತ್ತಾರೆ. ಅದಕ್ಕಿಂತ ದೊಡ್ಡ ಪ್ರಶ್ನೆ ಅದು ಒಂದೇ ಸಮ ಇದೆಯೇ ಎಂಬುದು.

ಎರಡು ಯೂನಿಟ್ ಮಧ್ಯೆ 5 ಮೀಟರ್ ಫಿಲ್ಮ್ ಓಡುತ್ತಿದೆ ಅಂದುಕೊಳ್ಳಿ. ಮೇಲಿನ ಉದಾಹರಣೆಯಲ್ಲಿ ಟೆನ್ಷನ್ ಶೇ. 10ರಷ್ಟು ಏರಿತು. ಹಿಗ್ಗು ಶೇ. 0.02ರಷ್ಟು ಏರಿತು. 5 ಮೀಟರಿಗೆ ಅದು 1 ಮಿ.ಮೀ. ಆದರೆ ರಿಜಿಸ್ಟರ್ 1 ಮಿ.ಮೀ. ತಪ್ಪುವುದಿಲ್ಲ. ಹೊಸ ಎಳೆತ ಮೊದಲು ಹಿಂದಿನ ಭಾಗದಲ್ಲಿ ಶುರುವಾಗಿ, ಫಿಲ್ಮ್ ಜೊತೆಗೇ ಹರಿದು ಮುಂದಿನ ಭಾಗಕ್ಕೆ ಬರುತ್ತದೆ. ಈ ಬದಲಾವಣೆಯ ಹೊತ್ತಿನಲ್ಲಿ ತಪ್ಪು ಏರುತ್ತದೆ. ಅತಿ ಹೆಚ್ಚೆಂದರೆ ಆ 1 ಮಿ.ಮೀ.ನ ಸುಮಾರು ಶೇ. 37ರಷ್ಟಾಗುತ್ತದೆ, ಅಂದರೆ 0.37 ಮಿ.ಮೀ. ಆಮೇಲೆ ಎರಡೂ ಕಡೆ ಎಳೆತ ಸಮನಾದಾಗ ತಪ್ಪು ತಾನೇ ಸೊನ್ನೆಗೆ ಮರಳುತ್ತದೆ. ಸಿಲಿಂಡರ್‌ಗಳ ವೇಗ ಬದಲಾಗದೆ ಇದ್ದರೆ ಮಾತ್ರ ಈ ಮಾತು.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಸ್ಥಿರವಾದ ಟೆನ್ಷನ್ ಎಷ್ಟೇ ಇರಲಿ, ಅದೇ ಓಟದಲ್ಲಿ ಮುದ್ರಿಸಿದ ಪದರಗಳು ಕೂರುತ್ತವೆ. ಕುಣಿಯುವ ಟೆನ್ಷನ್ ಇದ್ದರೆ ಏನೇ ಮಾಡಿದರೂ ಕೂರುವುದಿಲ್ಲ.

ಹಾಗಾದರೆ ಕೆಲಸ ಏನು? ಬಿಚ್ಚುವ ಕಡೆಯಿಂದ ಶುರು ಮಾಡಿ. ಬ್ರೇಕ್ ಜಗ್ಗಿ ಬಿಡುತ್ತಿದೆಯೇ, ರೋಲ್ ಮೊಟ್ಟೆಯಾಕಾರ ಆಗಿದೆಯೇ ನೋಡಿ. ಗೋಡೌನ್‌ನಲ್ಲಿ ರೋಲ್‌ಗಳನ್ನು ನೆಲದ ಮೇಲೆ ವಾರಗಟ್ಟಲೆ ಮಲಗಿಸಿಟ್ಟರೆ ಅವು ಚಪ್ಪಟೆಯಾಗುತ್ತವೆ, ಪ್ರತಿ ಸುತ್ತಿಗೂ ಒಂದು ಗುದ್ದು ಕೊಡುತ್ತವೆ. ಡ್ಯಾನ್ಸರ್ ರೋಲರ್ (ಆಡುತ್ತಾ ಎಳೆತ ಸಮ ಮಾಡುವ ರೋಲರ್) ಸಲೀಸಾಗಿ ಆಡುತ್ತಿದೆಯೇ, ಅದರ ಗಾಳಿ ಸಿಲಿಂಡರ್ ಅಂಟುತ್ತಿದೆಯೇ ಪರೀಕ್ಷಿಸಿ. ಲೋಡ್ ಸೆಲ್ (ಎಳೆತ ಅಳೆಯುವ ಸೆನ್ಸರ್) ಇದ್ದರೆ ಯಂತ್ರ ನಿಂತಾಗ ಹಗ್ಗಕ್ಕೆ ಗೊತ್ತಿರುವ ತೂಕ ಕಟ್ಟಿ ಫಿಲ್ಮ್ ಹೋಗುವ ದಾರಿಯಲ್ಲೇ ಹಾಯಿಸಿ ಓದಿಕೆ ಸರಿಯೇ ನೋಡಿ. 10 ಕಿಲೋ ಕಟ್ಟಿದರೆ 98 ನ್ಯೂಟನ್ ತೋರಿಸಬೇಕು. ಅದು 80 ತೋರಿಸುತ್ತಿದ್ದರೂ ವರ್ಷಗಟ್ಟಲೆ ಯಾರೂ ಗಮನಿಸದೆ ಓಡಿಸಿರುತ್ತಾರೆ!

ಮೊದಲ ಯೂನಿಟ್‌ಗೆ ಮುಂಚೆ ಇರುವ ಇನ್‌ಫೀಡ್ ನಿಪ್ (ಫಿಲ್ಮ್ ಅನ್ನು ನಡುವೆ ಒತ್ತಿ ಹಿಡಿಯುವ ರೋಲರ್ ಜೋಡಿ) ಫಿಲ್ಮ್ ಅನ್ನು ಗಟ್ಟಿಯಾಗಿ ಹಿಡಿಯಬೇಕು. ಬಿಚ್ಚುವ ಕಡೆಯ ಗಲಾಟೆ ಅಲ್ಲಿಗೇ ನಿಲ್ಲಬೇಕು. ಅಲ್ಲಿ ರಬ್ಬರ್ ಸವೆದು ಫಿಲ್ಮ್ ಜಾರುತ್ತಿದ್ದರೆ ಉಳಿದ ಎಲ್ಲ ಪ್ರಯತ್ನ ನೀರಿನಲ್ಲಿ ಹೋಮ. ವೇಗ ಜಾಸ್ತಿಯಾದಂತೆ ಫಿಲ್ಮ್ ಮತ್ತು ರೋಲರ್ ನಡುವೆ ಗಾಳಿ ನುಗ್ಗಿ ಹಿಡಿತ ತಪ್ಪುವುದೂ ಉಂಟು. ನುಣುಪಾದ ಐಡ್ಲರ್‌ಗೆ ಸಣ್ಣ ತೋಡುಗಳನ್ನು ಕೊರೆಸಿದರೆ ಗಾಳಿಗೆ ದಾರಿ ಸಿಗುತ್ತದೆ.

ಹಂತ 5: ಬಿಸಿ ಮತ್ತು ತೇವ

ಪಿಇಟಿ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಹೆಚ್ಚು ಕಡಿಮೆ 20 ಮೈಕ್ರಾನ್ ಹಿಗ್ಗುತ್ತದೆ. ಡ್ರೈಯರ್‌ನೊಳಗೆ 1.5 ಮೀಟರ್ ಫಿಲ್ಮ್ ಇದ್ದು, ಅದರ ಬಿಸಿ 5 ಡಿಗ್ರಿ ಆಚೀಚೆ ಆದರೆ 0.15 ಮಿ.ಮೀ. ಹೋಯಿತು. ಡ್ರೈಯರ್ ಪರದೆ ಗಾಳಿಯ ಬಿಸಿ ತೋರಿಸುತ್ತದೆ, ಫಿಲ್ಮ್‌ನದ್ದಲ್ಲ. ವೇಗ ಹೆಚ್ಚಿಸಿದಾಗ ಫಿಲ್ಮ್ ಒಳಗೆ ಕಮ್ಮಿ ಹೊತ್ತು ಇರುತ್ತದೆ, ತಣ್ಣಗೇ ಹೊರಬರುತ್ತದೆ. ವೇಗ ಬದಲಿಸಿದಾಗಲೆಲ್ಲ ರಿಜಿಸ್ಟರ್ ಜಾರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಸೆಟ್ಟಿಂಗ್ ಮಾಡುವುದನ್ನು ಓಡಿಸುವ ವೇಗದಲ್ಲೇ ಮಾಡಿ. ನಿಮಿಷಕ್ಕೆ 40 ಮೀಟರ್ ವೇಗದಲ್ಲಿ ಚಂದ ಕೂರಿಸಿ 150ಕ್ಕೆ ಏರಿಸಿದರೆ ಎಲ್ಲ ಮೊದಲಿಂದ. ಡ್ರೈಯರ್ ನಂತರ ಫಿಲ್ಮ್ ತಣಿಸುವ ಚಿಲ್ ರೋಲರ್‌ನಲ್ಲಿ ನೀರು ಸರಿಯಾಗಿ ಹರಿಯುತ್ತಿದೆಯೇ ಕೈ ಇಟ್ಟು ನೋಡಿ, ಯಂತ್ರ ನಿಲ್ಲಿಸಿದ ಮೇಲೆ.

ಒಂದು ಪದರ ಇವತ್ತು, ಮುಂದಿನದು ನಾಳೆ ಮುದ್ರಿಸುವುದಾದರೆ ವಿಷಯವೇ ಬೇರೆ. ಪ್ರಿಂಟೆಡ್ ಎಲೆಕ್ಟ್ರಾನಿಕ್ಸ್‌ನಲ್ಲಿ ಇದು ಸಾಮಾನ್ಯ. ಆಗ ಸ್ಥಿರ ಟೆನ್ಷನ್ ಸಾಲದು, ಎರಡೂ ದಿನ ಅದೇ ಟೆನ್ಷನ್ ಇರಬೇಕು. ಅದಕ್ಕಿಂತ ದೊಡ್ಡ ಶತ್ರು ಕುಗ್ಗುವಿಕೆ. ಸಾದಾ ಪಿಇಟಿಯನ್ನು 150 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಶೇ. 1ರ ಆಸುಪಾಸು ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. 300 ಮಿ.ಮೀ. ವಿನ್ಯಾಸಕ್ಕೆ ಅದು 3 ಮಿ.ಮೀ.! ಯಾವ ಕಂಟ್ರೋಲರೂ ಇದನ್ನು ಸರಿ ಮಾಡಲಾರದು. ಉಪಾಯ ಎರಡು. ಶಾಖದಲ್ಲಿ ಮೊದಲೇ ಸ್ಥಿರಗೊಳಿಸಿದ ಪಿಇಟಿ ಕೊಳ್ಳಿ. ಇಲ್ಲವೇ ಇಂಕ್ ಹಾಕದೆ ಖಾಲಿ ಫಿಲ್ಮ್ ಅನ್ನು ಒಂದು ಸಲ ಅದೇ ಬಿಸಿಯಲ್ಲಿ, ಕಮ್ಮಿ ಎಳೆತದಲ್ಲಿ ಓಡಿಸಿ. ಕುಗ್ಗುವುದೆಲ್ಲ ಮೊದಲ ಪದರಕ್ಕೆ ಮುಂಚೆಯೇ ಕುಗ್ಗಿಬಿಡಲಿ. ನಾನು ಎರಡನ್ನೂ ಮಾಡುವ ಪಕ್ಷ.

ತೇವದ ವಿಷಯಕ್ಕೆ ಬಂದರೆ ಬಿಒಪಿಪಿಗೆ ಅದರ ಗೊಡವೆ ಇಲ್ಲ. ಪಿಇಟಿಗೆ ಸ್ವಲ್ಪ ಇದೆ, ಕಾಗದಕ್ಕೆ ಬಹಳ. ಮಾರ್ಚ್‌ನ ಕಲಬುರಗಿಗೂ ಜುಲೈನ ಮಂಗಳೂರಿಗೂ ಗಾಳಿಯ ತೇವದಲ್ಲಿ ಎಷ್ಟು ವ್ಯತ್ಯಾಸ ಅಂತ ಹಪ್ಪಳ ಒಣಗಿಸಿದವರಿಗೆ ಗೊತ್ತು. ‘ರೋಲ್ ಅನ್ನು ಹಿಂದಿನ ದಿನವೇ ಯಂತ್ರದ ಹತ್ತಿರ ತಂದಿಡಿ’ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಬಿಸಿ ಸಮನಾಗಲು ಅದು ಒಳ್ಳೆಯದು. ತೇವಕ್ಕೆ ಅಷ್ಟು ಪ್ರಯೋಜನವಿಲ್ಲ. ಬಿಗಿಯಾಗಿ ಸುತ್ತಿದ ರೋಲ್‌ನೊಳಗೆ ತೇವ ಅಂಚಿನಿಂದ ಮಾತ್ರ ನುಸುಳುತ್ತದೆ, ಒಂದು ರಾತ್ರಿಯಲ್ಲಿ ಒಳಗಿನವರೆಗೆ ಹೋಗುವುದಿಲ್ಲ. ಬದಲಿಗೆ ಅಂಚು ಒಂದು ತರಹ, ನಡು ಇನ್ನೊಂದು ತರಹ ಆಗಿ ಅಂಚು ಸಡಿಲ ಬೀಳಬಹುದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನು ಓಡಿಸುವ ಹೊತ್ತಿಗೇ ಬಿಚ್ಚಿ.

ಹಂತ 6: ಅಡ್ಡ ದಿಕ್ಕು

ವೆಬ್ ಗೈಡ್ (ಫಿಲ್ಮ್ ಪಕ್ಕಕ್ಕೆ ಸರಿಯದಂತೆ ನೋಡುವ ಸಾಧನ) ಮೊದಲ ಯೂನಿಟ್‌ಗೆ ಹತ್ತಿರ ಇರಬೇಕು. ದೂರ ಇದ್ದರೆ ಅದು ಸರಿ ಮಾಡಿದ್ದು ದಾರಿಯಲ್ಲೇ ಮತ್ತೆ ಕೆಡುತ್ತದೆ. ಪಾರದರ್ಶಕ ಫಿಲ್ಮ್‌ಗೆ ಬೆಳಕಿನ ಸೆನ್ಸರ್ ಎಡವಬಹುದು, ಅಲ್ಟ್ರಾಸೋನಿಕ್ ಹಾಕಿ.

ಎಡ ಅಂಚಿನ ಗುರುತು ಸರಿ, ಬಲದ್ದು ಔಟ್ ಇದ್ದರೆ ಗೈಡ್ ಮೇಲೆ ಸಿಟ್ಟು ಮಾಡಬೇಡಿ. ಉದ್ದಕ್ಕೆ ಎಳೆದ ಫಿಲ್ಮ್ ಅಡ್ಡಕ್ಕೆ ಕಿರಿದಾಗುತ್ತದೆ. ನಮ್ಮ ಉದಾಹರಣೆಯಲ್ಲಿ 1 ಮೀಟರ್ ಅಗಲಕ್ಕೆ 0.6ರಿಂದ 0.7 ಮಿ.ಮೀ. ಯೂನಿಟ್‌ನಿಂದ ಯೂನಿಟ್‌ಗೆ ಟೆನ್ಷನ್ ಬೇರೆ ಇದ್ದರೆ ಅಗಲವೂ ಬೇರೆ. ಅದನ್ನು ಸರಿಸಿ ಸರಿ ಮಾಡಲಾಗದು, ಟೆನ್ಷನ್ ಸಮ ಮಾಡಬೇಕು. ಆಮೇಲೂ ಉಳಿದರೆ ಸಿಲಿಂಡರ್ ಕೆತ್ತುವಾಗಲೇ ವಿನ್ಯಾಸವನ್ನು ಆ ಅಳತೆಗೆ ಹಿಗ್ಗಿಸಿ ಕೆತ್ತಿಸಬೇಕು.

ಹಂತ 7: ಈಗ ಕಂಟ್ರೋಲರ್

ಇಷ್ಟೆಲ್ಲ ಆದ ಮೇಲೆ ಪರದೆಯ ಮುಂದೆ ಕೂರಿ. ಮೊದಲು ಕಣ್ಣು ಪರೀಕ್ಷೆ: ಸೆನ್ಸರ್‌ಗೆ ಗುರುತು ಸ್ಪಷ್ಟವಾಗಿ ಕಾಣುತ್ತಿದೆಯೇ? ಪಾರದರ್ಶಕ ಫಿಲ್ಮ್ ಮೇಲೆ ಹಳದಿ ಗುರುತು ಸೆನ್ಸರ್‌ಗೆ ಕಷ್ಟ, ಹಿಂದೆ ತಕ್ಕ ಹಿನ್ನೆಲೆ ಬೇಕು. ಎನ್‌ಕೋಡರ್ (ಸಿಲಿಂಡರ್ ಎಷ್ಟು ತಿರುಗಿತು ಎಂದು ಎಣಿಸುವ ಸಾಧನ) ಲೆಕ್ಕವನ್ನೂ ನೋಡಿ. 600 ಮಿ.ಮೀ. ಸುತ್ತಿಗೆ 10,000 ಎಣಿಕೆ ಇದ್ದರೆ ಒಂದು ಎಣಿಕೆ 0.06 ಮಿ.ಮೀ. ಅಷ್ಟರಲ್ಲಿ 0.01 ಮಿ.ಮೀ. ನಿಖರತೆ ಕೇಳುವುದು ಗೋಣಿಚೀಲ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಅದಕ್ಕೆ 60,000 ಬೇಕು.

ಇನ್ನು ತಾಳ್ಮೆಯ ಲೆಕ್ಕ. ಯೂನಿಟ್‌ಗಳ ನಡುವೆ 6 ಮೀಟರ್, ವೇಗ ನಿಮಿಷಕ್ಕೆ 120 ಮೀಟರ್. ಅಂದರೆ ಸೆಕೆಂಡಿಗೆ 2 ಮೀಟರ್. 6 ಅನ್ನು 2ರಿಂದ ಭಾಗಿಸಿದರೆ 3 ಸೆಕೆಂಡ್. ಒಂದು ತಿದ್ದುಪಡಿಯ ಪೂರ್ತಿ ಪರಿಣಾಮ ಕಾಣಲು ಅದರ ಮೂರು ಪಟ್ಟು ಬೇಕು, 9 ಸೆಕೆಂಡ್. ಅಷ್ಟರಲ್ಲಿ 30 ಮುದ್ರಣ ಹೋಗಿರುತ್ತದೆ. ಅದಕ್ಕೂ ಮುಂಚೆ ಆಪರೇಟರ್ ಇನ್ನೆರಡು ಸಲ ಬಟನ್ ಒತ್ತಿದರೆ ತಪ್ಪು ಆ ಕಡೆಯಿಂದ ಈ ಕಡೆಗೆ ಉಯ್ಯಾಲೆ ಆಡುತ್ತದೆ. ಆಟೊ ಮೋಡ್‌ನಲ್ಲಿ ಗೇನ್ (ತಿದ್ದುಪಡಿಯ ಬಿರುಸು) ಜಾಸ್ತಿ ಇಟ್ಟರೂ ಇದೇ ಕಥೆ. ಯಂತ್ರ ನಿಧಾನ ಓಡುವಾಗ ಈ ಕಾಯುವ ಹೊತ್ತು ಇನ್ನೂ ಉದ್ದ. ಆದ್ದರಿಂದ ಗೇನ್ ವೇಗಕ್ಕೆ ತಕ್ಕಂತೆ ಬದಲಾಗಬೇಕು.

ಹೊಂದಿಸುವ ಕ್ರಮ ಹೀಗೆ. ಎರಡನೇ ಯೂನಿಟ್‌ಗೆ ಕೈಯಾರೆ 0.2 ಮಿ.ಮೀ. ತಿದ್ದುಪಡಿ ಕೊಡಿ. ಎರಡು, ಮೂರು, ನಾಲ್ಕನೇ ಯೂನಿಟ್‌ಗಳ ಗ್ರಾಫ್ ನೋಡುತ್ತಿರಿ. ಮೂರನೆಯದೂ ನಾಲ್ಕನೆಯದೂ ಮುಟ್ಟದಿದ್ದರೂ ಕದಲುತ್ತವೆ. ಎರಡನೇ ಸಿಲಿಂಡರ್ ಸರಿದಾಗ ಅದರ ಹಿಂದಿನ, ಮುಂದಿನ ಫಿಲ್ಮ್ ಎರಡರ ಎಳೆತವೂ ಬದಲಾಗುತ್ತದಲ್ಲ! ಇದಕ್ಕಾಗಿಯೇ ಕಂಟ್ರೋಲರ್‌ನಲ್ಲಿ ಫೀಡ್‌ಫಾರ್ವರ್ಡ್ ಇರುತ್ತದೆ. ಒಂದನ್ನು ಸರಿಸುವಾಗಲೇ ಮುಂದಿನವನ್ನೂ ತಕ್ಕಷ್ಟು ಸರಿಸುತ್ತದೆ. ಅದು ಆನ್ ಇದೆಯೇ ನೋಡಿ, ಹಲವು ಕಡೆ ಆಫ್ ಇರುತ್ತದೆ. ಮುಂದಿನವು ಕದಲುವುದು ಕಮ್ಮಿ ಆಗುವವರೆಗೆ ಅದನ್ನು ಹೊಂದಿಸಿ, ಆಮೇಲೆ ಗೇನ್ ಅನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಗ್ರಾಫ್ ಒಂದು ಸಲ ದಾಟಿ ಹಿಂದೆ ಬಂದು ನಿಂತರೆ ಸಾಕು. ಎರಡು ಸಲ ಆಡಿದರೆ ಇಳಿಸಿ.

ಎಲ್ಲ ಬಣ್ಣವನ್ನೂ ಮೊದಲ ಬಣ್ಣಕ್ಕೆ ಹೋಲಿಸಬೇಕೋ, ಹಿಂದಿನ ಬಣ್ಣಕ್ಕೋ? ಹಿಂದಿನದಕ್ಕೆ ಹೋಲಿಸಿದರೆ ನಿಯಂತ್ರಣ ಮೃದು, ಆದರೆ ಸಣ್ಣ ಸಣ್ಣ ತಪ್ಪು ಸೇರುತ್ತಾ ಎಂಟನೇ ಬಣ್ಣಕ್ಕೆ ದೊಡ್ಡದಾಗಬಹುದು. ಸರ್ಕಿಟ್ ಮುದ್ರಣಕ್ಕೆ ನಾನು ಮೊದಲ ಪದರವನ್ನೇ ಆಧಾರವಾಗಿ ಇಡುತ್ತೇನೆ.

ಹಂತ 8: ಉಳಿದದ್ದನ್ನು ವಿನ್ಯಾಸಕ್ಕೆ ಬಿಡಿ

ನಿಮ್ಮ ಯಂತ್ರ ಈಗ 0.1 ಮಿ.ಮೀ. ಹಿಡಿಯುತ್ತದೆ ಅಂದರೆ ಬಣ್ಣಗಳು ಒಂದರ ಮೇಲೊಂದು 0.2 ಮಿ.ಮೀ. ಹತ್ತಿ ಕೂರುವಂತೆ ವಿನ್ಯಾಸ ಮಾಡಿಸಿ. ತೆಳು ಬಿಳಿ ಅಕ್ಷರವನ್ನು ನಾಲ್ಕು ಬಣ್ಣದ ನಡುವೆ ಬಿಡಿಸಿಕೊಂಡು ಬಂದ ಡಿಸೈನರ್‌ಗೆ ವಿನಯದಿಂದಲೇ ಬೇಡ ಅನ್ನಿ. ಸರ್ಕಿಟ್‌ನಲ್ಲಿ ಮೇಲಿನ ಪದರದ ಪಟ್ಟಿಯನ್ನು ಕೆಳಗಿನದಕ್ಕಿಂತ ಅಗಲ ಮಾಡಿದರೆ ಅದು ಆಚೀಚೆ ಸರಿದರೂ ಸಂಪರ್ಕ ಉಳಿಯುತ್ತದೆ. ಎಚ್‌ಪಿ ಲ್ಯಾಬ್ಸ್‌ನವರು ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲ ಪದರಗಳ ಆಕಾರವನ್ನೂ ಒಂದೇ ಅಚ್ಚಿನಲ್ಲಿ, ಬೇರೆ ಬೇರೆ ಎತ್ತರದ ಮೆಟ್ಟಿಲುಗಳಾಗಿ ಒಮ್ಮೆಲೇ ಒತ್ತುವ ವಿಧಾನ ಮಾಡಿದರು. ಆಮೇಲೆ ಫಿಲ್ಮ್ ಹಿಗ್ಗಲಿ ಕುಗ್ಗಲಿ, ಅಚ್ಚೂ ಅದರ ಜೊತೆಗೇ ಹಿಗ್ಗುತ್ತದೆ. ನನಗಂತೂ ಇದು ಬಹಳ ಮೆಚ್ಚಿಗೆಯಾದ ಉಪಾಯ, ಆದರೆ ಚಿಪ್ಸ್ ಪ್ಯಾಕೆಟ್‌ಗೆ ಆಗುವಂಥದ್ದಲ್ಲ.

ಕೊನೆಗೆ, ಪ್ರತಿ ಕೆಲಸಕ್ಕೂ ಒಂದು ಕಾರ್ಡ್ ಇಡಿ. ಫಿಲ್ಮ್ ಯಾವುದು, ದಪ್ಪ ಎಷ್ಟು, ಪ್ರತಿ ಯೂನಿಟ್‌ನ ಟೆನ್ಷನ್, ಡ್ರೈಯರ್ ಬಿಸಿ, ವೇಗ, ಅವತ್ತಿನ ಹಾಲ್‌ನ ತೇವ, ಸಿಲಿಂಡರ್ ವ್ಯಾಸಗಳು, 50 ಮುದ್ರಣದ ಗ್ರಾಫ್. ಆರು ತಿಂಗಳ ನಂತರ ಅದೇ ಆರ್ಡರ್ ಮತ್ತೆ ಬಂದಾಗ, ಅದೂ ರಾತ್ರಿ ಪಾಳಿಯಲ್ಲಿ ಬಂದಾಗ, ಆ ಕಾರ್ಡ್ ಹುಡುಕಿಕೊಂಡು ಹೋಗುವವರು ನೀವೇ ಆಗಿರುತ್ತೀರಿ.